ಸೀರಿಯಲ್ ಸೆಟ್‌ನ ಖಾಲಿ ಹೋಲ್ಡರ್‌ನಲ್ಲಿ 230 ವೋಲ್ಟ್ ಎಲ್ಲಿಂದ ಬಂತು?

ಬೆಳಗಾವಿ_ಡಿಪ್ಲೊಮಾ:
ನಮಸ್ಕಾರ್ರಿ. ನಮ್ಮ ಓಣಿಯ ಗಣಪತಿ ಮಂಡಳದಲ್ಲಿ ಹಳೇ ಸೀರಿಯಲ್ ಸೆಟ್ ಇದೆ, 6 ವೋಲ್ಟಿನ 40 ಬಲ್ಬು, ಎಲ್ಲ ಒಂದೇ ಸಾಲಲ್ಲಿ. 230 ಅನ್ನು 40ರಿಂದ ಭಾಗಿಸಿದರೆ ಒಂದಕ್ಕೆ 5.75 ವೋಲ್ಟ್. ಉರಿಯುವಾಗ ಮೀಟರ್ ಹಿಡಿದರೂ ಹೆಚ್ಚುಕಡಿಮೆ ಅಷ್ಟೇ. ಆದರೆ ಒಂದು ಬಲ್ಬ್ ಸುಟ್ಟು ಎಲ್ಲವೂ ಆರಿದ ಮೇಲೆ, ಅದನ್ನು ತೆಗೆದು ಖಾಲಿ ಹೋಲ್ಡರ್‌ಗೆ ಮೀಟರ್ ಹಿಡಿದರೆ ಪೂರ್ತಿ 230 ತೋರಿಸುತ್ತಿದೆ! ಉಳಿದ 39 ಬಲ್ಬುಗಳ ಪಾಲು ಎಲ್ಲಿ ಹೋಯಿತು? ಮೀಟರ್ ಕೆಟ್ಟಿದೆಯಾ?

ಬಾಗಲಕೋಟೆ_ವೈರಿಂಗ್:
ಮೀಟರ್ ಸರಿ ಇದೆ ತಮ್ಮಾ. ಮೊದಲು ಆ ಹೋಲ್ಡರ್‌ನಿಂದ ಬೆರಳು ದೂರ ಇಡು. 6 ವೋಲ್ಟಿನ ಬಲ್ಬ್ ತಾನೆ ಅಂತ ಸುಮ್ನೆ ಕೈ ಹಾಕಿದರೆ ಹೊಡೆಯೋದು ಪೂರ್ತಿ 230. ಸ್ವಿಚ್ ನಂಬಬೇಡ, ಅದು ನ್ಯೂಟ್ರಲ್ ತಂತಿಗೂ ಇರಬಹುದು, ಆಗ ಆಫ್ ಮಾಡಿದರೂ ಹೋಲ್ಡರ್ ಮುಟ್ಟಿದರೆ ಹೊಡೆಯುತ್ತದೆ. ಪ್ಲಗ್ ಕಿತ್ತೇ ಬಲ್ಬ್ ಬದಲಿಸು.

ವಿಜಯಪುರ_ಮಾಸ್ತರ:
230 ಭಾಗಿಸು 40 ಅನ್ನೋದು ಸೂತ್ರ ಅಲ್ಲ, ಎಲ್ಲ ಬಲ್ಬೂ ಒಂದೇ ತರ ಇದ್ದಾಗ ಸಿಗೋ ಉತ್ತರ ಅಷ್ಟೇ. ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು ಜೋಡಿಸಿದಾಗ, ಎಲ್ಲದರಲ್ಲೂ ಹರಿಯುವ ಕರೆಂಟ್ ಒಂದೇ, ವೋಲ್ಟೇಜ್ ಹಂಚಿಕೆ ಆಗೋದು ರೆಸಿಸ್ಟನ್ಸ್ (ಕರೆಂಟ್‌ಗೆ ಒಡ್ಡುವ ತಡೆ, ಅಳತೆ ಓಮ್‌ನಲ್ಲಿ) ಮೇಲೆ. 9 ವೋಲ್ಟ್ ಬ್ಯಾಟರಿಗೆ 1, 2.2, 4.7 ಕಿಲೋಓಮ್‌ನ ಮೂರು ರೆಸಿಸ್ಟರ್ ಒಂದೇ ಸಾಲಲ್ಲಿ ಜೋಡಿಸಿ ನೋಡು. ಒಟ್ಟು 7.9 ಕಿಲೋಓಮ್, ಕರೆಂಟ್ 1.14 ಮಿಲಿಆಂಪಿಯರ್. ಅದನ್ನು ಒಂದೊಂದರ ಓಮ್‌ನಿಂದ ಗುಣಿಸಿದರೆ 1.14, 2.51, 5.35 ವೋಲ್ಟ್, ಕೂಡಿಸಿದರೆ 9. ಈಗ 4.7ರದ್ದನ್ನು ಕಿತ್ತು ಹಾಕು. ಕರೆಂಟ್ ಸೊನ್ನೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆ, ಹಾಗಾಗಿ ಉಳಿದೆರಡರ ಮೇಲೆ ಏನೂ ಇಲ್ಲ, ಆದರೆ ಮೊತ್ತ 9 ಆಗಲೇಬೇಕಲ್ವಾ? ಅಷ್ಟೂ ಆ ಖಾಲಿ ಜಾಗದಲ್ಲೇ ಕೂತಿರುತ್ತದೆ. ನಿನ್ನ ಹೋಲ್ಡರ್‌ನಲ್ಲೂ ಆಗಿದ್ದು ಇದೇ.

ಬೆಳಗಾವಿ_ಡಿಪ್ಲೊಮಾ:
ತಿಳಿಯಿತು ಸರ್. ಇನ್ನೊಂದು ಪ್ರಶ್ನೆ. ಹಳೇ ಬಲ್ಬು 0.1 ಆಂಪಿಯರಿನವು, ಅಂಗಡಿಯಲ್ಲಿ ಸಿಕ್ಕಿದ್ದು 6 ವೋಲ್ಟಿನದೇ, ಆದರೆ 0.3 ಆಂಪಿಯರ್. ಹಾಕಬಹುದಾ?

ವಿಜಯಪುರ_ಮಾಸ್ತರ:
ಹಾಕಿದರೆ ಏನೂ ಸುಡೋದಿಲ್ಲ, ಆದರೆ ಅದೊಂದು ಉರಿಯೋದೂ ಇಲ್ಲ. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ಹಳೇದರ ರೆಸಿಸ್ಟನ್ಸ್ 60 ಓಮ್, ಹೊಸದರದ್ದು 20. ಲೆಕ್ಕದಲ್ಲೇ ಅದರ ಪಾಲು 2 ವೋಲ್ಟ್ ಕೂಡ ಇಲ್ಲ. ಫಿಲಮೆಂಟ್ (ಬಲ್ಬಿನೊಳಗಿನ ಉರಿಯುವ ತಂತಿ) ಬಿಸಿಯಾಗದಿದ್ದರೆ ಓಮ್ ಇನ್ನೂ ಕಡಿಮೆ, ಹಾಗಾಗಿ ನಿಜವಾಗಿ ಸಿಗೋದು ಅದಕ್ಕಿಂತ ಕಡಿಮೆ. 0.1ರದ್ದೇ ಹುಡುಕು.

ಬಾಗಲಕೋಟೆ_ವೈರಿಂಗ್:
ಅದು ಸಿಗೋದು ಈಗ ಕಷ್ಟ. ಹಳೇ ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೇಳಿ ನೋಡು, ಇಲ್ಲಾಂದ್ರೆ ಎಲ್‌ಇಡಿ ಮಾಲೆ ತಂದುಬಿಡ್ರಿ.