ಫ್ರೋಜನ್ ಬಟಾಣಿಯಲ್ಲಿ ಸತ್ವ ಇರಲ್ವಾ?

ಪ್ರಶ್ನೆ:
ನಂದು ನೈಟ್ ಶಿಫ್ಟ್. ವಾರಕ್ಕೊಂದ್ಸಲ ತರಕಾರಿ ತರ್ತೀನಿ, ನಾಲ್ಕನೇ ದಿನಕ್ಕೆ ಪಾಲಕ್ ಕವರಿನೊಳಗೇ ಕೊಳೆತು ನೀರಾಗಿರುತ್ತೆ. ಅದಕ್ಕೇ ಈಗ ಫ್ರೋಜನ್ ಬಟಾಣಿ, ಡಬ್ಬಿ ಟೊಮೆಟೊ ಶುರು ಮಾಡಿದೀನಿ. ಅಕ್ಕ ಮಾತ್ರ ಫ್ರೀಜರ್ ತೆಗೆದಾಗಲೆಲ್ಲ "ಇದ್ರಲ್ಲೇನು ಸತ್ವ ಇರುತ್ತೆ?" ಅಂತ ಮೂತಿ ತಿರುವ್ತಾಳೆ. ನಿಜಾನಾ?

ಉತ್ತರ 1:
ಕೊಳೆತ ಪಾಲಕ್‌ಗಿಂತ ಫ್ರೋಜನ್ನೇ ವಾಸಿ ಅಂತ ಅಕ್ಕನಿಗೆ ಹೇಳಿ. ನಾನು ಬಟಾಣಿ ಫ್ರೀಜ್ ಮಾಡೋ ಘಟಕವೊಂದರಲ್ಲಿ ಕೆಲಸ ಮಾಡಿದ್ದೆ. ಬಟಾಣಿ ಕೊಯ್ದ ಕೆಲವೇ ಗಂಟೆಯಲ್ಲಿ ಬಿಸಿನೀರಿಗೆ ಹಾಕಿ ತೆಗೀತಿದ್ವಿ, ಒಂದೆರಡು ನಿಮಿಷ ಅಷ್ಟೇ. ಬಣ್ಣ, ರುಚಿ ಕೆಡಿಸೋ ಕಿಣ್ವಗಳ ಆಟ ಅಲ್ಲಿಗೆ ಮುಗೀತು. ಸ್ವಲ್ಪ ವಿಟಮಿನ್ ಸಿ ಆ ನೀರಿಗೇ ಹೋಗುತ್ತೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಆಮೇಲೆ ಮೈನಸ್ 18 ಡಿಗ್ರಿಯಲ್ಲಿಟ್ರೆ ನಷ್ಟ ಬಹಳ ನಿಧಾನ. ಫ್ರಿಜ್‌ನಲ್ಲಿರೋ ಹಸಿ ಸೊಪ್ಪಲ್ಲಿ ವಿಟಮಿನ್ ಸಿ ದಿನದಿನಕ್ಕೂ ಇಳೀತಿರುತ್ತೆ. ಕರಗಿಸ್ಬೇಡಿ, ನೇರ ಬಾಣಲೆಗೆ ಸುರೀರಿ.

ಉತ್ತರ 2:
ಡಬ್ಬಿ ಕಥೆ ಬೇರೆ. ನಂಗೆ ಬಿಪಿ ಇದೆ, ಹಾಗಾಗಿ ಮೊದಲು ನೋಡೋದೇ ಸೋಡಿಯಂ, ಅಂದ್ರೆ ಉಪ್ಪಿನಂಶ. ಕಾಳಿನ ಡಬ್ಬಿಯಾದ್ರೆ ನೀರು ಬಸಿದು ನಲ್ಲಿ ಕೆಳಗೆ ತೊಳೀತೀನಿ, ಉಪ್ಪು ಸಾಕಷ್ಟು ಹೋಗುತ್ತೆ. ಸಕ್ಕರೆ ಪಾಕದ ಹಣ್ಣು ಮುಟ್ಟಲ್ಲ. ಟೊಮೆಟೊ ಪರವಾಗಿಲ್ಲ, ಬೆಂದಾಗ ಅದರ ಲೈಕೋಪೀನ್ (ಕೆಂಪು ಬಣ್ಣ ಕೊಡೋ ಅಂಶ) ಮೈಗೆ ಇನ್ನೂ ಸುಲಭವಾಗಿ ಹತ್ತುತ್ತೆ. ಡಬ್ಬಿ ಉಬ್ಬಿದ್ರೆ ಮಾತ್ರ ರುಚಿ ನೋಡೋಕೂ ಹೋಗ್ಬೇಡಿ. ಒಳಗೆ ಬ್ಯಾಕ್ಟೀರಿಯಾ ಬೆಳೆದು ಆಗೋ ಬಾಟುಲಿಸಂ ವಿಷಕ್ಕೆ ವಾಸನೆ ಇರಲೇಬೇಕು ಅಂತಿಲ್ಲ.

ಪ್ರಶ್ನೆ ಕೇಳಿದವರು:
ಈಗಷ್ಟೇ ಟೊಮೆಟೊ ಡಬ್ಬಿ ತಿರುಗಿಸಿ ನೋಡ್ದೆ, ಅದಕ್ಕೂ ಉಪ್ಪು ಹಾಕಿದಾರೆ! ಅಕ್ಕನಿಗೆ ಅರ್ಧ ಮಾರ್ಕ್ಸ್ ಕೊಡ್ಬೇಕಾಯ್ತು.