ಇ20 ಬಂದ ಮೇಲೆ ಮೈಲೇಜ್ 16.5ರಿಂದ 14.2: ಹಳೇ ಗಾಡಿ ಮಾರೋದಾ, ಇಟ್ಕೊಳ್ಳೋದಾ?

ಶಿರಾಡಿ_ತಿರುವು:
ಗಾಡಿ 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್, ಬಿಎಸ್-4, ಓಡಿರೋದು 82,000 ಕಿ.ಮೀ. ತಿಂಗಳಿಗೆ ಸುಮಾರು 800 ಕಿ.ಮೀ. ಓಟ, ಮುಕ್ಕಾಲು ಪಾಲು ಬೆಂಗಳೂರು ಟ್ರಾಫಿಕ್ಕಲ್ಲೇ. ಎರಡು ವರ್ಷದ ಹಿಂದೆ ಲೀಟರಿಗೆ 16.5 ಕಿ.ಮೀ. ಬರ್ತಿತ್ತು, ಈಗ 14.2. ಏರಿನಲ್ಲಿ ಮೂರನೇ ಗೇರಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ ಒಂದು ಕ್ಷಣ ತಡವರಿಸುತ್ತೆ. ಕೈಪಿಡಿಯಲ್ಲಿ ಇ10ವರೆಗೆ (ಶೇ 10 ಎಥನಾಲ್ ಬೆರೆಸಿದ ಪೆಟ್ರೋಲ್) ಮಾತ್ರ ಅಂತಿದೆ, ಇ20ಯಲ್ಲಿ ಶೇ 20 ಇರುತ್ತೆ. ಮೊದಲು 185/65 R15 ಟೈರ್ ಇತ್ತು, ಹೋದ ವರ್ಷ 195/65 R15 ಹಾಕಿಸಿದ್ದು. ಎಲ್ಲರೂ ಇ20 ಮೇಲೆ ಗೂಬೆ ಕೂರಿಸ್ತಿದ್ದಾರೆ. ರಿಪೇರಿಗೆ ದುಡ್ಡು ಹಾಕೋದಾ, ಅಥವಾ ಮಾರಿ ಸಿಎನ್‌ಜಿ ಇಲ್ಲಾ ಹೈಬ್ರಿಡ್ ಕಡೆ ಹೋಗೋದಾ?

ಲೀಟರ್_ಲೆಕ್ಕ:
ಮೊದಲು ಟೈರ್ ವಿಷಯ ಮುಗಿಸೋಣ. 185/65 R15 ಟೈರಿನ ವ್ಯಾಸ ಸುಮಾರು 621 ಮಿ.ಮೀ., 195/65 R15ದು 634. ಚಕ್ರ ಒಂದು ಸುತ್ತಿಗೆ ಶೇ 2ರಷ್ಟು ಹೆಚ್ಚು ದೂರ ಹೋಗುತ್ತೆ, ಮೀಟರಿಗೆ ಅದರ ಅರಿವೇ ಇಲ್ಲ. ಹಾಗಾಗಿ ನಿಮ್ಮ 14.2 ನಿಜವಾಗಿ 14.5. ಅಗಲದ ಟೈರ್ ಹಾಕಲೇಬೇಕು ಅಂತಿದ್ದರೆ 195/60 R15 ಹಾಕಿಸಬೇಕಿತ್ತು, ವ್ಯಾಸ 615, ಮೂಲಕ್ಕೆ ಹತ್ತಿರ. ನಮ್ಮಲ್ಲಿ ಟೈರ್ ಅಂಗಡಿಯವರು ನೋಡೋದು ಫೆಂಡರ್ ತುಂಬಿ ಕಾಣ್ತದಾ ಅನ್ನೋದು ಮಾತ್ರ.

ಇನ್ನು ಇ20. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ ಎಥನಾಲ್‌ನಲ್ಲಿ 21. ಇ10 ಅಂದರೆ 30.9, ಇ20 ಅಂದರೆ 29.8. ಇ10ರಿಂದ ಇ20ಕ್ಕೆ ಬಂದಾಗ ಶಕ್ತಿಯಲ್ಲಿ ಕಮ್ಮಿಯಾಗೋದು ಶೇ 3.6. ಆ ಲೆಕ್ಕಕ್ಕೆ 16.5 ಇದ್ದದ್ದು 15.9 ಆಗಬೇಕು. ನೀತಿ ಆಯೋಗದ 2021ರ ವರದಿ ನಿಮ್ಮಂಥ ಹಳೇ ಕಾರುಗಳಿಗೆ ಶೇ 6–7 ಇಳಿಕೆ ಅಂತ ಅಂದಾಜು ಮಾಡಿತ್ತು. ಅದನ್ನೇ ಹಿಡಿದರೂ 15.4 ಬರಬೇಕು. ಮಿಕ್ಕಿದ್ದನ್ನ ಗಾಡಿಯೇ ತಿನ್ನುತ್ತಿದೆ.

ದುಡ್ಡಿನ ಲೆಕ್ಕದಲ್ಲಿ, ಲೀಟರಿಗೆ 103 ರೂಪಾಯಿ ಹಿಡಿದರೆ 800 ಕಿ.ಮೀ.ಗೆ ಇ20ಯಿಂದ ಹೆಚ್ಚಾಗಿದ್ದು ಸುಮಾರು 1.8 ಲೀಟರ್, ಅಂದರೆ 190 ರೂಪಾಯಿ. ಗಾಡಿಯ ದೋಷದಿಂದ ಹೋಗ್ತಿರೋದು ಸುಮಾರು 4.9 ಲೀಟರ್, 500 ರೂಪಾಯಿ. ಈ ಐನೂರನ್ನ ವಾಪಸ್ ಪಡೆಯೋಕಾಗುತ್ತೆ.

ಆದರೆ 14.2 ಅನ್ನೋದು ಡ್ಯಾಶ್‌ಬೋರ್ಡ್ ತೋರಿಸಿದ್ದೋ, ಅಳೆದದ್ದೋ? ಡಿಸ್‌ಪ್ಲೇ ನಂಬಬೇಡಿ, ಅದು ಇಂಜೆಕ್ಟರ್ ತೆರೆದಿದ್ದ ಸಮಯದ ಮೇಲೆ ಹಾಕಿದ ಅಂದಾಜು. ಒಂದೇ ಬಂಕು, ಒಂದೇ ನಳಿಕೆ. ಮೊದಲ ಸಲ ಕಟ್ ಆದ ತಕ್ಷಣ ನಿಲ್ಲಿಸಿ, "ಸರ್, ರೌಂಡ್ ಫಿಗರ್ ಮಾಡ್ತೀನಿ" ಅಂದರೆ ಬೇಡ ಅನ್ನಿ. ಹೀಗೆ ಮೂರು ಟ್ಯಾಂಕ್ ಅಳೆದು ಸರಾಸರಿ ತೆಗೀರಿ.

ಇ20 ವಿಚಾರದಲ್ಲಿ ನನ್ನ ತಕರಾರೇ ಬೇರೆ. ಆಕ್ಟೇನ್ (ಇಂಜಿನ್ ಕುಟ್ಟದಂತೆ ತಡೆಯೋ ಗುಣ) 95 ಅಂತಾರೆ, ನಿಜ. ಆದರೆ 91ಕ್ಕೆ ಹೊಂದಿಸಿದ ಹಳೇ ಇಂಜಿನ್ನಿಗೆ ಅದರ ಲಾಭ ಸಿಕ್ಕೋದು ಅಷ್ಟಕ್ಕಷ್ಟೇ. 2024–25ರಲ್ಲಿ ಕಬ್ಬಿನ ರಸದ ಎಥನಾಲ್‌ಗೆ ಲೀಟರಿಗೆ 65.61, ಮೆಕ್ಕೆಜೋಳದ್ದಕ್ಕೆ 71.86 ಕೊಟ್ಟು ಕೊಂಡರು. ಬೆಳಗಾವಿ, ಮಂಡ್ಯದ ಕಬ್ಬು ಬೆಳೆಗಾರರಿಗೆ ಅನುಕೂಲವಾದರೆ ಸಂತೋಷವೇ, ಆದರೆ ಬಂಕಿನಲ್ಲಿ ನಮಗೆ ಬೆಲೆ ಇಳಿದಿಲ್ಲ. ಹಳೇ ಗಾಡಿಗಳಿಗೆ ಇ10 ಉಳಿಸಬೇಕು ಅಂತ ನೀತಿ ಆಯೋಗದ ಅದೇ ವರದಿಯಲ್ಲಿತ್ತು, ಅದನ್ನ ಮಾತ್ರ ಎಲ್ಲರೂ ಮರೆತರು.

ಸ್ಪ್ಯಾನರ್_ಹುಬ್ಬಳ್ಳಿ:
ಲೆಕ್ಕ ಭಾಳ ಚೊಲೋ ಮಾಡ್ಯಾರ. ಆದ್ರ ಏರಿನ್ಯಾಗ ತಡವರಸ್ತೈತಿ ಅಂದ್ರಲ್ಲ, ಅದು ಮೈಲೇಜ್ ಕಥಿ ಅಲ್ರೀ, ಪೆಟ್ರೋಲ್ ಸಾಕಾಗವಲ್ದು ಅನ್ನೋ ಲಕ್ಷಣ. ಎಥನಾಲ್ ಒಳ್ಳೆ ಸಾಲ್ವೆಂಟ್. ಹಳೇ ಟ್ಯಾಂಕಿನ್ಯಾಗ ವರ್ಷಾನುಗಟ್ಟಲೆ ಅಂಟಿದ ಕಸ ಎಬ್ಬಿಸಿ ಪಂಪಿನ ಸ್ಟ್ರೈನರ್‌ಗೆ (ಜಾಲರಿಗೆ) ತಂದು ತುಂಬತೈತಿ.

ಮೊದಲು ಗಾಡಿ ಕಂಪ್ಯೂಟರಿನ ಲೆಕ್ಕ ಮೊಬೈಲಿನ್ಯಾಗ ತೋರಸೋ ಒಂದು ಒಬಿಡಿ ಬ್ಲೂಟೂತ್ ಡಾಂಗಲ್ ತರಸ್ರಿ, ಸಾವಿರ ರೂಪಾಯಿ ಒಳಗ ಬರತೈತಿ. ಇಂಜಿನ್ ಪೂರ್ತಿ ಬಿಸಿ ಆದ ಮ್ಯಾಲೆ ಎರಡ ನೋಡ್ರಿ: ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್, ಕೂಲಂಟ್ ಟೆಂಪರೇಚರ್. ಟ್ರಿಮ್ ಅಂದ್ರ ಇಸಿಯು (ಇಂಜಿನ್ ಕಂಪ್ಯೂಟರ್) ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಪೆಟ್ರೋಲ್ ಸುರೀತೈತಿ ಅನ್ನೋದು. ಪೆಟ್ರೋಲಿಗೆ ಗಾಳಿ 14.7 ಪಾಲು ಬೇಕಾದ್ರ ಇ20ಕ್ಕ ಸುಮಾರು 13.5 ಸಾಕು. ಅದಕ್ಕ ಇ10ರಿಂದ ಇ20ಕ್ಕ ಬಂದಾಗ ಟ್ರಿಮ್ ಶೇ 4–5 ಏರೋದು ಸಹಜ, ಹೆದರಬ್ಯಾಡ್ರಿ. 10 ದಾಟಿದ್ರ ಹುಡುಕಬೇಕು.

ಐಡಲ್‌ನ್ಯಾಗ ಹೆಚ್ಚಿದ್ದು 2,500 ಆರ್‌ಪಿಎಂಗೆ ಇಳಿದ್ರ ಎಲ್ಲೋ ವ್ಯಾಕ್ಯೂಮ್ ಲೀಕ್ (ಲೆಕ್ಕಕ್ಕ ಸಿಗದ ಗಾಳಿ ಒಳಗ ಹೋಗೋದು), ಇನ್‌ಟೇಕ್ ಗ್ಯಾಸ್ಕೆಟ್ ಇಲ್ಲಾ ಇಂಜಿನ್ನಿನ ಹಬೆ ವಾಪಸ್ ಒಯ್ಯೋ ಪಿಸಿವಿ ಪೈಪ್ ನೋಡ್ರಿ. ಐಡಲ್‌ನ್ಯಾಗ ಸರಿ ಇದ್ದು ಲೋಡ್ ಬಿದ್ದಾಗ ಏರಿದ್ರ ಸ್ಟ್ರೈನರ್, ಫಿಲ್ಟರ್ ಇಲ್ಲಾ ಪಂಪ್. ಕೂಲಂಟ್ 85 ಡಿಗ್ರಿ ಆಸುಪಾಸು ನಿಲ್ಲಬೇಕು. 70–75ಕ್ಕ ನಿಂತ್ರ ಥರ್ಮೋಸ್ಟಾಟ್ (ರೇಡಿಯೇಟರಿಗೆ ಕೂಲಂಟ್ ಬಿಡೋ ಕವಾಟ) ಬಾಯಿ ಮುಚ್ಚವಲ್ದು ಅಂತ ಅರ್ಥ. ಇಂಜಿನ್ ಇನ್ನೂ ತಣ್ಣಗೈತಿ ಅಂದ್ಕೊಂಡು ಇಸಿಯು ಪೆಟ್ರೋಲ್ ಹೆಚ್ಚಿಗೆ ಕೊಡತೈತಿ. ಇದಕ್ಕ ಎಷ್ಟೋ ಗಾಡಿಯಾಗ ಚೆಕ್ ಇಂಜಿನ್ ಲೈಟೂ ಹತ್ತೂದಿಲ್ಲ.

ಇನ್ನೊಂದು, ಹತ್ತು ಕಿ.ಮೀ. ಓಡಿಸಿ ಬಂದು ನಾಕೂ ಚಕ್ರದ ಹತ್ರ ಕೈ ಹಿಡೀರಿ, ರಿಮ್ ಮುಟ್ಟಬ್ಯಾಡ್ರಿ. ಒಂದs ಚಕ್ರ ಬೇರೆಯವಕ್ಕಿಂತ ಕಾದಿದ್ರ ಬ್ರೇಕ್ ಕ್ಯಾಲಿಪರ್ ಪಿನ್ ಜಾಮ್, ಬ್ರೇಕ್ ಬಿಡವಲ್ದು. ಪಿನ್ ತೆಗದು ಹಳೇ ಗ್ರೀಸ್ ಒರಸಿ ಸಿಲಿಕಾನ್ ಬ್ರೇಕ್ ಗ್ರೀಸ್ ಹಚ್ಚಿದ್ರ ಮುಗೀತು.

ರಬ್ಬರ್ ಬಗ್ಗೆ: ಟ್ಯಾಂಕಿನಿಂದ ಮುಂದಕ್ಕ ಬರೋ ಪೈಪ್ ಹೆಚ್ಚಿನ ಗಾಡಿಯಾಗ ನೈಲಾನ್, ಅದಕ್ಕೇನೂ ಆಗೂದಿಲ್ಲ. ಫಿಲ್ಲರ್ ನೆಕ್ ಹೋಸ್, ಇಂಜೆಕ್ಟರ್ ಓ-ರಿಂಗ್, ಪಂಪ್ ಮ್ಯಾಲಿನ ಸೀಲ್ ನೋಡ್ಕೋರಿ. ಟ್ಯಾಂಕ್ ತುಂಬಿಸಿದ ದಿನ ಹಿಂದಿನ ಸೀಟಿನ ಹತ್ರ ಪೆಟ್ರೋಲ್ ವಾಸನಿ ಬಂತಂದ್ರ ತಡಾ ಮಾಡಬ್ಯಾಡ್ರಿ. ಹೋಸ್ ಬದಲಿಸಿದ್ರ ಮ್ಯಾಲೆ 30R9 (ಇಂಜೆಕ್ಷನ್ ಗಾಡಿ ಇಂಧನ ಪೈಪಿನ ಗುರುತು) ಅಂತ ಬರೆದದ್ದನ್ನ ಕೇಳಿ ತಗೋರಿ, ಅಂಗಡಿಯಾಗಿನ ಕರೀ ಪೈಪ್ ಎಲ್ಲಾ ಒಂದs ಅಲ್ಲ.

ಬಿಡದಿ_ಬೈಪಾಸ್:
ಮಾರೋ ವಿಚಾರಕ್ಕೆ ಬರ್ತೀನಿ. 800 ಕಿ.ಮೀ. ಓಟಕ್ಕೆ ಹೊಸ ಗಾಡಿ ಇಂಧನದ ದುಡ್ಡಿನಲ್ಲಿ ಗಿಟ್ಟಲ್ಲ.

ಸಿಎನ್‌ಜಿಗೆ ಸುಮಾರು 95,000 ಹೆಚ್ಚು ಕೊಡ್ತೀರಿ ಅಂದ್ಕೊಳ್ಳಿ. ಹೊಸ ಪೆಟ್ರೋಲ್ ಕಾರು ಊರೊಳಗೆ 19 ಕೊಟ್ಟರೆ ತಿಂಗಳಿಗೆ 4,340 ರೂಪಾಯಿ. ಸಿಎನ್‌ಜಿ ಕೆ.ಜಿ.ಗೆ 90 ರೂಪಾಯಿ, 26 ಕಿ.ಮೀ. ಹಿಡಿದರೆ 2,770. ಉಳಿತಾಯ 1,570, ಆ 95,000 ವಾಪಸ್ ಬರೋಕೆ ಐದು ವರ್ಷ. ತಿಂಗಳಿಗೆ 2,000 ಕಿ.ಮೀ. ಓಡಿಸೋರಿಗೆ ಎರಡೇ ವರ್ಷ, ಅವರು ಕಣ್ಣುಮುಚ್ಚಿ ತಗೋಬಹುದು. 60 ಲೀಟರ್ ಸಿಲಿಂಡರ್ ಡಿಕ್ಕಿ ನುಂಗುತ್ತೆ, ಆದರೂ ಹಿಡಿಯೋದು 8–9 ಕೆ.ಜಿ. ಮಾತ್ರ. ಟಾಟಾದವರು ಎರಡು ಸಣ್ಣ ಸಿಲಿಂಡರನ್ನ ಡಿಕ್ಕಿಯ ನೆಲದಡಿ ಮಲಗಿಸಿದ್ದು ಒಳ್ಳೆ ಬುದ್ಧಿ. ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ಸಿಲಿಂಡರ್ ಒತ್ತಡ ತಡೆಯುತ್ತಾ ಅನ್ನೋ ಪರೀಕ್ಷೆ) ಮರೀಬಾರದು. ಘಾಟಿಯಲ್ಲಿ ಎಳೆತ ಕಮ್ಮಿ, ನಿಮ್ಮ ಹೆಸರಲ್ಲೇ ಶಿರಾಡಿ ಇದೆ, ಯೋಚನೆ ಮಾಡಿ.

ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ ಮೋಟಾರೂ ಗಾಡಿ ಎಳೆಯುತ್ತೆ) ನಮ್ಮ ಬಿಡದಿಯಲ್ಲೇ ತಯಾರಾಗುತ್ತೆ, ತಂತ್ರಜ್ಞಾನದಲ್ಲಿ ಟೊಯೊಟಾಗೆ ಎದುರಿಲ್ಲ. ಟ್ರಾಫಿಕ್ಕಲ್ಲೇ ಅದರ ಆಟ, ಬ್ರೇಕ್ ಹಿಡಿದಾಗಲೆಲ್ಲ ಬ್ಯಾಟರಿಗೆ ವಾಪಸ್. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೊರಟರೆ ಆ ಲಾಭ ಕರಗುತ್ತೆ. ಅದೇ ಕಾರಿನ ಸಾದಾ ಪೆಟ್ರೋಲ್ 14, ಹೈಬ್ರಿಡ್ 22 ಅಂತಿಟ್ಟುಕೊಂಡರೂ ನಿಮಗೆ ತಿಂಗಳಿಗೆ ಉಳಿಯೋದು 2,140. ಮೂರು ಲಕ್ಷ ಹೆಚ್ಚು ಕೊಟ್ಟಿದ್ದರೆ ಹನ್ನೊಂದೂವರೆ ವರ್ಷ ಕಾಯಬೇಕು!

ಡೀಸೆಲ್ ಬೇಡವೇ ಬೇಡ. ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ತನ್ನಲ್ಲಿನ ಮಸಿ ಸುಡೋಕೆ 600 ಡಿಗ್ರಿ ಹತ್ತಿರ ಬಿಸಿ ಬೇಕು, ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲಿ ಅದು ಎಲ್ಲಿಂದ ಬರಬೇಕು?

ತಯಾರಕರ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ 18, ಅದರಾಚೆಗೆ 40. ಹಾಗಾಗಿ ಎಲ್ಲರೂ 3,995 ಮಿ.ಮೀ.ಗೆ ಬಾಲ ಕತ್ತರಿಸಿ, ಮೇಲಕ್ಕೆ ಎತ್ತರಿಸಿ, ಎಸ್‌ಯುವಿ ಅಂತ ಹೆಸರಿಡ್ತಾರೆ. ಎತ್ತರದ ಗಾಡಿ ಗಾಳಿ ಸೀಳೋಕೆ ಹೆಚ್ಚು ಇಂಧನ ಸುಡುತ್ತೆ. ತಗ್ಗಾದ, ಹಗುರವಾದ ಹ್ಯಾಚ್‌ಬ್ಯಾಕ್ ಇರೋರು ಅದನ್ನ ಬಿಟ್ಟುಕೊಡೋದು ನನಗಂತೂ ದಡ್ಡತನ ಅನ್ನಿಸುತ್ತೆ.

ಶಿರಾಡಿ_ತಿರುವು:
ಡಾಂಗಲ್ ಹಾಕಿ ನೋಡಿದೆ. ಟ್ರಿಮ್ ಐಡಲ್‌ನಲ್ಲಿ +5, ಲೋಡ್ ಬಿದ್ದಾಗ +14. ಕೂಲಂಟ್ 74 ದಾಟ್ತಿಲ್ಲ. ಚಕ್ರ ನಾಲ್ಕೂ ಒಂದೇ ಥರ ಬಿಸಿ.

ಸ್ಪ್ಯಾನರ್_ಹುಬ್ಬಳ್ಳಿ:
ಎರಡೂ ಸಿಕ್ಕವಲ್ರೀ. ಮೊದಲು ಥರ್ಮೋಸ್ಟಾಟ್ ಹಾಕಸ್ರಿ, ಅದು ಅಗ್ಗದ ಕೆಲಸ. ಜೋಡಿಗೆ ಕೂಲಂಟೂ ಬದಲಿಸಿ, ಗಾಳಿ ಸರಿಯಾಗಿ ತೆಗೀರಿ. ಆಮೇಲೆ ಪೆಟ್ರೋಲ್ ಪ್ರೆಶರ್ ಅಳೀಲಿ: ಕಂಪನಿ ಹೇಳಿದ ಸಂಖ್ಯೆ ಹೆಚ್ಚಾಗಿ 3–4 ಬಾರ್ ನಡುವೆ ಇರತೈತಿ, ಆಕ್ಸಿಲರೇಟರ್ ಒತ್ತಿದಾಗ ಗೇಜ್ ಮುಳ್ಳು ಬೀಳಬಾರದು. ಬಿತ್ತಂದ್ರ ಮೊದಲು ಸ್ಟ್ರೈನರ್, ಫಿಲ್ಟರ್. ಅಷ್ಟಕ್ಕ ಸರಿಯಾದ್ರ ಇಡೀ ಪಂಪ್ ಬದಲಿಸೂದು ಬ್ಯಾಡ. ಕೆಲವು ಗಾಡಿಯಾಗ ಹಿಂದಿನ ಸೀಟ್ ಎತ್ತಿದ್ರ ಪಂಪ್ ಸಿಗತೈತಿ, ಕೆಲವಕ್ಕ ಟ್ಯಾಂಕs ಇಳಸಬೇಕು. ಅದಕ್ಕ ಪೆಟ್ರೋಲ್ ಕಾಲು ಟ್ಯಾಂಕಿಗಿಂತ ಕಮ್ಮಿ ಇದ್ದಾಗ ಹೋಗ್ರಿ. ಕೆಲಸ ಮುಗಿದ ಮ್ಯಾಲೆ ಹಳೇ ಟ್ರಿಮ್ ರೀಸೆಟ್ ಮಾಡಸ್ರಿ, 150 ಕಿ.ಮೀ. ಓಡಿಸಿ ಮತ್ತ ನೋಡ್ರಿ. ಲೋಡ್‌ನ್ಯಾಗ +6 ಒಳಗ ಬಂದಿದ್ರ ಆವಾಗ ಮೂರು ಟ್ಯಾಂಕಿನ ಲೆಕ್ಕ ಶುರು ಮಾಡ್ರಿ.