ಮಗಳು ಚಿಕ್ಕ ಮಕ್ಕಳಿಗೆ ಸ್ಪ್ಯಾನಿಷ್ ಹೇಳಿಕೊಡಬೇಕಂತೆ, ಸಹಿ ಹಾಕಲಾ?

ಮಗಳ ಅಪ್ಪ: ಎಲ್ಲರಿಗೂ ನಮಸ್ಕಾರ. ಮಗಳಿಗೆ 14 ವರ್ಷ. ಮೂರು ವರ್ಷದಿಂದ ಸ್ಕೂಲಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ. ಈಗ ವಾರಕ್ಕೊಮ್ಮೆ ಪ್ರೈಮರಿಗೆ ಹೋಗಿ ಏಳೆಂಟು ವರ್ಷದ ಮಕ್ಕಳಿಗೆ ಅವಳೇ ಹೇಳಿಕೊಡಬೇಕಂತೆ. ಒಟ್ಟು ಆರು ವಾರ. ಇವಳು ಮಾತೇ ಕಡಿಮೆ. ನಾಲ್ಕು ಜನರ ಮುಂದೆ ನಿಂತರೆ ಗಂಟಲು ಕಟ್ಟುತ್ತದೆ. ಇವಳಿಗೇ ಇನ್ನೂ ಕ್ರಿಯಾಪದ ತಪ್ಪುತ್ತದೆ, ಆ ಮಕ್ಕಳಿಗೆ ತಪ್ಪು ಹೇಳಿಕೊಟ್ಟರೆ? ಪರೀಕ್ಷೆ ಬೇರೆ ಹತ್ತಿರ ಬಂತು. ಶುಕ್ರವಾರದೊಳಗೆ ಸಹಿ ಮಾಡಿ ಕಳಿಸಬೇಕು.

ಸಂಪಿಗೆ: ಕಣ್ಣು ಮುಚ್ಚಿಕೊಂಡು ಹಾಕಿ ಸರ್. ನಮ್ಮ ಮಗನೂ ಹೀಗೇ ಫ್ರೆಂಚ್ ಹೇಳಿಕೊಡಲು ಹೋಗಿದ್ದ. ಈಗ ಸ್ಟೇಜ್ ಮೇಲೆ ನಿಂತು ಮಾತಾಡುತ್ತಾನೆ. ಇನ್ನೂ ಎರಡು ಭಾಷೆ ಕಲಿತ. ತುಂಬಾ ಹೆಮ್ಮೆ ನಮಗೆ.

ನೇರಮಾತು: ಒಂದು ಪ್ರಶ್ನೆ. ಮಗಳಿಗೆ ಕನ್ನಡ ಓದಲು ಬರುತ್ತದಾ? ಬರಲ್ಲ ಅಂದರೆ ಮೊದಲು ಅದನ್ನು ನೋಡಿ. ಊರವರ ಮಕ್ಕಳಿಗೆ ಸ್ಪ್ಯಾನಿಷ್ ಕಲಿಸಲು ವಾರಕ್ಕೊಂದು ಗಂಟೆ ಇದೆ, ಮನೆ ಭಾಷೆಗೆ ಇಲ್ಲ ಅಂದರೆ ಏನು ಅರ್ಥ? ಈ ಗುಂಪಿನಲ್ಲಿ ಹತ್ತು ಸಲ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ. ನಾವು ಬಿಟ್ಟರೆ ಕನ್ನಡ ನಮ್ಮ ಮಕ್ಕಳಲ್ಲೇ ಮುಗಿಯುತ್ತದೆ.

ಬೇವಿನಮರ: ನೇರಮಾತು ಅವರು ಹೇಳಿದ್ದು ಓದಿ ಕಣ್ಣು ತುಂಬಿತು. ನನ್ನ ಮಗ ಅಜ್ಜಿ ಜೊತೆ ಫೋನಿನಲ್ಲಿ "ಚೆನ್ನಾಗಿದ್ದೀನಿ" ಅಂತಷ್ಟೇ ಹೇಳಿ ನನ್ನ ಕೈಗೆ ಕೊಟ್ಟುಬಿಡುತ್ತಾನೆ. ತಪ್ಪು ನನ್ನದೇ. ಚಿಕ್ಕವನಿದ್ದಾಗ ಎರಡು ಭಾಷೆ ಆದರೆ ಗೊಂದಲ ಆಗುತ್ತದೆ ಅಂತ ಯಾರೋ ಅಂದರು, ನಂಬಿಬಿಟ್ಟೆ.

ಹಳೇ ಟೀಚರ್: ಮಗಳ ಅಪ್ಪ ಅವರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಾನು ಇಂಥ ಮಕ್ಕಳನ್ನು ತಯಾರು ಮಾಡಿ ಕಳಿಸಿದ್ದೇನೆ. ಸಹಿ ಹಾಕುವ ಮುಂಚೆ ಮೂರು ವಿಷಯ ಕೇಳಿ. ಕ್ಲಾಸ್ ಟೀಚರ್ ಪೂರ್ತಿ ಹೊತ್ತು ಒಳಗೇ ಇರುತ್ತಾರಾ? ಗಲಾಟೆ ಸುಧಾರಿಸುವುದು ಅವರ ಕೆಲಸ, 14 ವರ್ಷದವಳದ್ದಲ್ಲ. ಜೋಡಿಯಾಗಿ ಕಳಿಸುತ್ತಾರಾ? ಮಾತು ಕಡಿಮೆ ಇರುವವರಿಗೆ ಪಕ್ಕದಲ್ಲಿ ಗೆಳತಿ ಇದ್ದರೆ ಅರ್ಧ ಭಯ ಹೋಗುತ್ತದೆ. ಅವಳು ಹೇಳಿಕೊಡುವ ಪದಗಳನ್ನು ಸ್ಪ್ಯಾನಿಷ್ ಟೀಚರ್ ಮುಂಚೆ ಕೇಳಿ ತಿದ್ದುತ್ತಾರಾ?

ಕ್ರಿಯಾಪದದ ಚಿಂತೆ ಬೇಡ, ಆ ವಯಸ್ಸಿನವರಿಗೆ ಅದನ್ನು ಕಲಿಸುವುದಿಲ್ಲ. ಅಂಕಿ, ಬಣ್ಣ, ಪ್ರಾಣಿ, ಒಂದು ಹಾಡು. ಇಪ್ಪತ್ತು ನಿಮಿಷಕ್ಕೆ ಆರೇಳು ಪದ ಸಾಕು. ಎಡವುವುದು ಸಣ್ಣ ಕಡೆ. ಸೇಯ್ಸ್ ಅಂದರೆ ಆರು, ಸಿಯೇತೆ ಅಂದರೆ ಏಳು. ದೊಡ್ಡವರೇ ಅದಲು ಬದಲು ಮಾಡುತ್ತಾರೆ. ಓದು ಹಾಳಾಗುವುದಿಲ್ಲ, ಇನ್ನೊಬ್ಬರಿಗೆ ಹೇಳಿಕೊಡಬೇಕು ಅಂದಾಗ ನಮಗೆ ಎಲ್ಲಿ ಗೊತ್ತಿಲ್ಲ ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ದೂರದ ಬಂಧು: ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವುದು ನಮ್ಮ ಕಡೆಯದೇ ಪದ್ಧತಿ! ಆಂಡ್ರೂ ಬೆಲ್ ಅನ್ನುವವರು ಮದ್ರಾಸಿನಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ನೋಡಿ, ತಮ್ಮ ಶಾಲೆಯಲ್ಲೂ ಮಕ್ಕಳಿಂದಲೇ ಪಾಠ ಮಾಡಿಸಿದರು. 1797ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಇಂಗ್ಲೆಂಡಿನಲ್ಲಿ ಅದಕ್ಕೆ ಮದ್ರಾಸ್ ಪದ್ಧತಿ ಅಂತಲೇ ಹೆಸರು.

ಹಳೇ ಟೀಚರ್: ನಿಜ, ಆದರೆ ಆಗ ಟೀಚರ್ ಬದಲಿಗೆ ಮಕ್ಕಳನ್ನು ನಿಲ್ಲಿಸಿದರು. ಇಲ್ಲಿ ಹಾಗಾಗಬಾರದು. ಅದಕ್ಕೇ ಮೊದಲನೇ ಪ್ರಶ್ನೆ ಅದನ್ನೇ ಹೇಳಿದ್ದು.

ನೇರಮಾತು: ಮದ್ರಾಸಿನ ಕಥೆ ಇರಲಿ. ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಕನ್ನಡ ಬರುತ್ತದಾ ಇಲ್ಲವಾ?

ಸಂಪಿಗೆ: ನಮ್ಮ ಮಗನಿಗೆ ಮೂರೂ ಬರುತ್ತದೆ. ಮನಸ್ಸಿದ್ದರೆ ಎಲ್ಲ ಆಗುತ್ತದೆ.

ಬೇವಿನಮರ: ಎಲ್ಲರ ಮನೆಯಲ್ಲೂ ಆಗಲ್ಲ ಅಕ್ಕ.

ಮಗಳ ಅಪ್ಪ: ಟೀಚರ್, ಮೂರೂ ಕೇಳಿದೆ. ಕ್ಲಾಸ್ ಟೀಚರ್ ಇರುತ್ತಾರೆ, ಗೆಳತಿಯೂ ಜೊತೆಗೆ ಹೋಗುತ್ತಾಳೆ, ಪದಗಳನ್ನು ಸ್ಪ್ಯಾನಿಷ್ ಟೀಚರ್ ನೋಡಿಕೊಡುತ್ತಾರಂತೆ. ಸಹಿ ಹಾಕಿದೆ. ನೇರಮಾತು ಸರ್, ಅವಳಿಗೆ ಕನ್ನಡ ಓದಲು ಬರಲ್ಲ. ಮನೆಯಲ್ಲಿ ಮಾತಾಡುವುದು ಮಾತ್ರ ಕನ್ನಡವೇ. ನಿನ್ನೆ ರಾತ್ರಿ ನನ್ನನ್ನು ಕೂರಿಸಿಕೊಂಡು ಅಂಕಿ ಹೇಳಿಸಿದಳು. ನಾನು "ಊನೊ, ಡೋಸ್, ಟ್ರೆಸ್" ಅಂದೆ. "ಅಪ್ಪಾ, ಟ ಅಲ್ಲ, ತ. ತಟ್ಟೆ ಅನ್ನು. ಮೊದಲನೇ ಅಕ್ಷರ ಇದೆಯಲ್ಲ, ಅದು" ಅಂದಳು. ಕ್ಲಾಸಿನಲ್ಲಿ ಉಳಿದವರೆಲ್ಲ ಟ ಅನ್ನುತ್ತಾರಂತೆ, ಇವಳಿಗೆ ಮೊದಲ ದಿನದಿಂದಲೂ ತ ಸುಲಭವಾಗಿ ಬಂತಂತೆ. ಮೂರು ವರ್ಷದಲ್ಲಿ ಈ ಮಾತು ನನಗೆ ಹೇಳಿರಲೇ ಇಲ್ಲ. ನಾನೂ ಕೇಳಿರಲಿಲ್ಲ. ಆಮೇಲೆ ಹತ್ತರವರೆಗೆ ಹೇಳಿಸಿದಳು, ಜೋರು ದನಿಯಲ್ಲಿ.

ಹಳೇ ಟೀಚರ್: ಬಹಳ ಸಂತೋಷ. ತ ವಿಷಯ ಆ ಮಕ್ಕಳಿಗೂ ಹೇಳಲಿ. ಆರು, ಏಳು ಮಾತ್ರ ಇನ್ನೊಂದು ಸಲ ಹೇಳಿಸಿ.